ಬೆಂಕಿಗೆ ಬಗ್ಗದ ದ್ವೀಪಗಳು ಇಲಿಗೆ ಸೋಲುತ್ತಿವೆ

2022ರ ಜನವರಿಯಲ್ಲಿ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಸಮೂಹದಲ್ಲಿ ಇಸಬೆಲಾ ದ್ವೀಪದ ವುಲ್ಫ್ ಜ್ವಾಲಾಮುಖಿ ಸಿಡಿಯಿತು. ಕೆಂಪಗೆ ಹರಿಯುವ ಲಾವಾದ ಚಿತ್ರಗಳನ್ನು ಜಗತ್ತೆಲ್ಲ ನೋಡಿತು. ಆಗ ಎಲ್ಲರನ್ನೂ ಕಾಡಿದ್ದು ಗುಲಾಬಿ ಇಗುವಾನಾಗಳ ಚಿಂತೆ. ಮೈಯೆಲ್ಲ ಗುಲಾಬಿ ಬಣ್ಣದ, ಓತಿಯ ಬಳಗದ ಈ ಪ್ರಾಣಿಗಳು ಇಡೀ ಭೂಮಿಯಲ್ಲಿ ಇರುವುದು ಆ ಒಂದೇ ಪರ್ವತದ ಮೇಲೆ. 1986ರಲ್ಲಿ ಮೊದಲ ಸಲ ಕಣ್ಣಿಗೆ ಬಿದ್ದವು. ಇವು ಬೇರೆಯೇ ಪ್ರಭೇದ ಎಂದು ವಿಜ್ಞಾನ ಒಪ್ಪಿಕೊಂಡದ್ದು 2009ರಲ್ಲಿ. ಉಳಿದಿರುವುದೇ ಕೆಲವು ನೂರು.

ಲಾವಾ ಪರ್ವತದ ಇನ್ನೊಂದು ಮಗ್ಗುಲಲ್ಲಿ ಇಳಿಯಿತು. ಇಗುವಾನಾಗಳಿಗೆ ಏನೂ ಆಗಲಿಲ್ಲ. ಸುದ್ದಿಯೂ ಅಲ್ಲಿಗೆ ತಣ್ಣಗಾಯಿತು. ಆದರೆ ಆ ಬೆಟ್ಟ ಹತ್ತಿ ಬರುವ ಸಂಶೋಧಕರಿಗೆ ಅದಕ್ಕಿಂತ ದೊಡ್ಡ ಆತಂಕವೊಂದು ಮೊದಲಿನಿಂದಲೂ ಇತ್ತು. ಹೋದಾಗಲೆಲ್ಲ ಅವರಿಗೆ ಸಿಗುತ್ತಿದ್ದುದು ಬೆಳೆದ ಇಗುವಾನಾಗಳು ಮಾತ್ರ. ಮರಿಗಳೇ ಕಾಣುತ್ತಿರಲಿಲ್ಲ. 2022ರ ಕೊನೆಯಲ್ಲಿ ಮೊದಲ ಬಾರಿಗೆ ಮರಿಗಳು ಸಿಕ್ಕಿದಾಗ ಅದೇ ದೊಡ್ಡ ಸಮಾಧಾನವಾಯಿತು. ಆ ಮರಿಗಳ ಮೇಲೆ ಕಣ್ಣಿಟ್ಟಿರುವುದು ಕಾಡುಬಿದ್ದ ಬೆಕ್ಕು. ಅದನ್ನು ಅಲ್ಲಿಗೆ ತಂದದ್ದು ಮನುಷ್ಯ.

ದೂರದ ಜ್ವಾಲಾಮುಖಿ ದ್ವೀಪಗಳ ಬಗ್ಗೆ ಈಗ ನಡೆಯುತ್ತಿರುವ ಚರ್ಚೆಯೆಲ್ಲ ಇದರ ಸುತ್ತಲೇ ಇದೆ. ನಮ್ಮ ಕಣ್ಣು ಬೆಂಕಿಯ ಮೇಲೆ. ಅಲ್ಲಿನ ಜೀವಿಗಳನ್ನು ಮುಗಿಸುತ್ತಿರುವುದು ಮಾತ್ರ ಹಡಗಿನಲ್ಲಿ ಬಂದಿಳಿದ ಇಲಿ, ಬೆಕ್ಕು, ಆಡು, ನೊಣ, ಕಳೆಗಿಡ. ಬೆಂಕಿ ಸುಟ್ಟ ಜಾಗದಲ್ಲಿ ಮತ್ತೆ ಜೀವ ಚಿಗುರುತ್ತದೆ. ಇವು ಮುಗಿಸಿದ್ದು ಮುಗಿದ ಹಾಗೇ.

ಬರಿ ಕಲ್ಲಿನಿಂದ ಕಾಡಿನವರೆಗೆ

ಬೆಂಕಿಯ ಜಾಗದಲ್ಲಿ ಜೀವ ಹೇಗೆ ಕೂರುತ್ತದೆ ಎನ್ನುವುದನ್ನು ಮೊದಲ ದಿನದಿಂದ ನೋಡುವ ಅವಕಾಶ ವಿಜ್ಞಾನಿಗಳಿಗೆ ಸಿಕ್ಕಿದ್ದು ಐಸ್‌ಲ್ಯಾಂಡ್‌ನ ದಕ್ಷಿಣಕ್ಕಿರುವ ಸರ್ಟ್ಸಿಯಲ್ಲಿ. 1963ರ ನವೆಂಬರ್ 14ರ ಬೆಳಿಗ್ಗೆ ಅಲ್ಲಿ ಕಡಲು ಹೊಗೆಯಾಡುವುದನ್ನು ಮೀನುಗಾರರು ಕಂಡರು. ನೋಡನೋಡುತ್ತಿದ್ದಂತೆ ಬೂದಿಯ ದಿಬ್ಬವೊಂದು ನೀರಿನಿಂದ ಮೇಲೆದ್ದಿತು. 1967ರ ಜೂನ್‌ವರೆಗೂ ಸಿಡಿಯುತ್ತಲೇ ಇತ್ತು. ಎಲ್ಲ ತಣ್ಣಗಾಗುವ ಹೊತ್ತಿಗೆ 2.7 ಚದರ ಕಿಲೋಮೀಟರ್‌ನ ಹೊಸ ನೆಲ ಹುಟ್ಟಿತ್ತು. ಅಂದಿನಿಂದ ಅಲೆಗಳು ಅದನ್ನು ಕೊರೆಯುತ್ತಿವೆ. ಈಗ ಉಳಿದಿರುವುದು ಹೆಚ್ಚುಕಡಿಮೆ ಅರ್ಧ.

ಬೆಂಕಿ ಪೂರ್ತಿ ಆರುವ ಮೊದಲೇ, 1965ರಲ್ಲಿ, ಕಡಲ ದಂಡೆಯಲ್ಲಿ ಮೊದಲ ಗಿಡ ಮೊಳೆಯಿತು. ಅಲೆಯ ಮೇಲೆ ತೇಲಿ ಬಂದ ಬೀಜ ಅದು. ಆಮೇಲೆ ಹಾವಸೆ ಬಂತು, ಕಲ್ಲುಹೂವು ಬಂತು. ಆದರೂ ಸುಮಾರು ಇಪ್ಪತ್ತು ವರ್ಷ ಬೆಳವಣಿಗೆ ಬಹಳ ನಿಧಾನವಾಗಿತ್ತು. ಬೂದಿ ಮತ್ತು ಕಲ್ಲಿನಲ್ಲಿ ಬೇರಿಗೆ ಸಿಗುವ ಸಾರವಾದರೂ ಏನು? 1986ರ ಹೊತ್ತಿಗೆ ಗಲ್ ಹಕ್ಕಿಗಳು ಅಲ್ಲಿ ಗುಂಪಾಗಿ ಗೂಡು ಕಟ್ಟಲು ಶುರು ಮಾಡಿದವು. ಚಿತ್ರವೇ ಬದಲಾಯಿತು. ಹಿಕ್ಕೆಯ ಜೊತೆ ಗೊಬ್ಬರವೂ ಬಂತು, ಬೀಜವೂ ಬಂತು. ಹಕ್ಕಿಗಳು ಕೂತ ಕಡೆ ಹಸಿರು ಹುಲ್ಲು ಹಬ್ಬಿತು. ಕೂರದ ಕಡೆ ಇಂದಿಗೂ ಕಪ್ಪು ನೆಲವೇ ಜಾಸ್ತಿ. 2004ರ ಹೊತ್ತಿಗೆ 60 ಜಾತಿಯ ಗಿಡಗಳು, 75 ಬಗೆಯ ಹಾವಸೆಗಳು, 71 ಬಗೆಯ ಕಲ್ಲುಹೂವುಗಳು ಅಲ್ಲಿ ಲೆಕ್ಕಕ್ಕೆ ಸಿಕ್ಕಿದ್ದವು. 2008ರಲ್ಲಿ ಸರ್ಟ್ಸಿ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಸರ್ಟ್ಸಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಸಂಶೋಧಕರಿಗೆ ಮಾತ್ರ ಅವಕಾಶ, ಅದೂ ಬಟ್ಟೆಬರೆ, ಚೀಲ ಎಲ್ಲ ತಪಾಸಣೆ ಆದ ಮೇಲೆ. ಇಷ್ಟಾದರೂ ಒಮ್ಮೆ ಲಾವಾದ ನಡುವೆ ಟೊಮೆಟೊ ಗಿಡವೊಂದು ನಳನಳಿಸುತ್ತಿತ್ತು! ಯಾರೋ ಬಯಲಿಗೆ ಕೂತಾಗ ಹೊಟ್ಟೆಯಿಂದ ಇಳಿದ ಬೀಜ. ಕೂಡಲೇ ಕಿತ್ತುಹಾಕಿದರು. ಈ ಘಟನೆಯನ್ನು ತಮಾಷೆಯಾಗಿ ಹೇಳುವವರೇ ಹೆಚ್ಚು. ನನಗೆ ಅದರಲ್ಲಿ ಒಂದು ಗಂಭೀರ ವಿಷಯ ಕಾಣುತ್ತದೆ. ಅಷ್ಟು ಎಚ್ಚರದಿಂದ ಹೋದವರೂ ತಮಗೆ ಗೊತ್ತಿಲ್ಲದೆ ಏನನ್ನಾದರೂ ಹೊತ್ತುಕೊಂಡೇ ಹೋಗುತ್ತಾರೆ.

ಹೆದರಿಕೆ ಗೊತ್ತಿಲ್ಲದ ಪ್ರಾಣಿಗಳು

ಈಕ್ವೆಡಾರ್ ಕರಾವಳಿಯಿಂದ ಸುಮಾರು ಸಾವಿರ ಕಿಲೋಮೀಟರ್ ದೂರದ ಗಲಾಪಗೋಸ್ ಇದೇ ಆಟದ ಹಳೆಯ ಅಂಗಳ. ಭೂಮಿಯ ಆಳದಿಂದ ಬಿಸಿ ಶಿಲೆ ಮೇಲೆ ಬರುವ ಜಾಗ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತದೆ. ಅದರ ಮೇಲಿರುವ, ಭೂಮಿಯ ಹೊರಪದರದ ನಾಜ್ಕಾ ಫಲಕ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಪೂರ್ವಕ್ಕೆ ಸರಿಯುತ್ತದೆ. ಹಾಗಾಗಿ ಪಶ್ಚಿಮದ ಫರ್ನಾಂಡಿನಾ ಹೊಸ ದ್ವೀಪ, ಇನ್ನೂ ಬೆಂಕಿ ಉಗುಳುತ್ತದೆ. ಪೂರ್ವದ ಎಸ್ಪನ್ಯೋಲಾಗೆ 30 ಲಕ್ಷ ವರ್ಷಕ್ಕೂ ಜಾಸ್ತಿ ವಯಸ್ಸು. ಅದು ತಣ್ಣಗಾಗಿ, ಸವೆದು, ತಗ್ಗಿದೆ. ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತಿದ್ದರೆ ಒಂದೇ ದ್ವೀಪದ ಬಾಲ್ಯದಿಂದ ಮುಪ್ಪಿನವರೆಗೆ ನೋಡಿದ ಹಾಗೆ.

ಇಲ್ಲಿಗೆ ಬಂದು ಸೇರಿದ ಜೀವಿಗಳು ಬೆರಳೆಣಿಕೆ. ತೇಲಿ ಬರಬಲ್ಲವು, ಹಾರಿ ಬರಬಲ್ಲವು, ದಾರಿಯುದ್ದಕ್ಕೂ ಹಸಿವು ತಡೆಯಬಲ್ಲವು ಮಾತ್ರ ತಲುಪಿದವು. ದೊಡ್ಡ ಬೇಟೆಗಾರ ಪ್ರಾಣಿ ಯಾವುದೂ ಬರಲಿಲ್ಲ. ಅದರ ಪರಿಣಾಮ ಪ್ರಾಣಿಗಳ ಮೈಯಲ್ಲೇ ಕಾಣುತ್ತದೆ. ಅಲ್ಲಿನ ನೀರುಕಾಗೆ ಹಾರುವುದನ್ನೇ ಬಿಟ್ಟಿದೆ. ಹರಿದ ಕೊಡೆಯಂತಹ ಗಿಡ್ಡ ರೆಕ್ಕೆಗಳನ್ನು ಬಂಡೆಯ ಮೇಲೆ ಒಣಗಲು ಹರಡಿಕೊಂಡು ನಿಲ್ಲುತ್ತದೆ.

ಕಡಲ ಇಗುವಾನಾ ಇನ್ನೂ ಒಂದು ಹೆಜ್ಜೆ ಮುಂದೆ. ಓತಿಯ ಬಳಗದ ಈ ಪ್ರಾಣಿ ಕಡಲಿಗೆ ಧುಮುಕಿ, ಬಂಡೆಗೆ ಅಂಟಿದ ಪಾಚಿಯನ್ನು ಹಲ್ಲಿನಿಂದ ಕೆರೆದು ತಿನ್ನುತ್ತದೆ. ಹೊಟ್ಟೆಗೆ ಹೋದ ಉಪ್ಪನ್ನು ಮೂಗಿನಿಂದ ಸೀನಿ ಹೊರಗೆ ಹಾಕುತ್ತದೆ. ಅವುಗಳ ನೆತ್ತಿಯ ಮೇಲೆ ಬೆಳ್ಳಗೆ ಕಾಣುವುದು ಹೀಗೆ ಸೀನಿದ ಉಪ್ಪೇ. ಎಲ್ ನಿನೊ ವರ್ಷಗಳಲ್ಲಿ ಕಡಲು ಬಿಸಿಯಾಗಿ ಪಾಚಿ ಸತ್ತಾಗ ಇವುಗಳ ದೇಹದ ಉದ್ದವೇ ಕಡಿಮೆಯಾಗುತ್ತದೆ, ಕೆಲವು ಸಲ ಶೇ 20ರವರೆಗೆ. ಮೂಳೆ ಸಹ ಕುಗ್ಗುತ್ತದೆ ಅಂದರೆ ನಂಬುವುದು ಕಷ್ಟ ಅಲ್ವಾ? ಪಾಚಿ ಮತ್ತೆ ಬೆಳೆದಾಗ ಅವೂ ಮತ್ತೆ ಬೆಳೆಯುತ್ತವೆ.

ಬರಗಾಲವನ್ನು ಹೀಗೆ ದಾಟುವ ಈ ಪ್ರಾಣಿಗೆ ಒಂದಿಷ್ಟು ಎಣ್ಣೆ ತಡೆಯಲಾಗಲಿಲ್ಲ. 2001ರ ಜನವರಿಯಲ್ಲಿ ಜೆಸಿಕಾ ಎಂಬ ಟ್ಯಾಂಕರ್ ಸ್ಯಾನ್ ಕ್ರಿಸ್ಟೊಬಲ್ ಬಳಿ ನೆಲಕಚ್ಚಿತು. ಸೋರಿದ ಎಣ್ಣೆಯನ್ನು ಗಾಳಿ ಮತ್ತು ಕಡಲ ಹರಿವು ಚದುರಿಸಿಬಿಟ್ಟವು. ದೊಡ್ಡ ಅನಾಹುತ ತಪ್ಪಿತು ಎಂದೇ ಎಲ್ಲರೂ ಅಂದುಕೊಂಡರು. ಆದರೆ ಮುಂದಿನ ಒಂದು ವರ್ಷದಲ್ಲಿ ಸಾಂಟಾ ಫೆ ದ್ವೀಪದ ಕಡಲ ಇಗುವಾನಾಗಳಲ್ಲಿ ಶೇ 62ರಷ್ಟು ಸತ್ತವು. ಲಕ್ಷಾಂತರ ವರ್ಷಗಳಿಂದ ಬರುತ್ತಿರುವ ಕಷ್ಟಕ್ಕೆ ಅವುಗಳ ಮೈಯಲ್ಲಿ ಉತ್ತರ ಇದೆ. ನಿನ್ನೆ ಮೊನ್ನೆ ಬಂದ ಕಷ್ಟಕ್ಕೆ ಇಲ್ಲ.

ಗೂಡಿನಲ್ಲಿ ಕೂತ ಮರಿಯನ್ನು ತಿನ್ನುವ ಇಲಿ

ಇದು ಅತ್ಯಂತ ಕ್ರೂರವಾಗಿ ಕಾಣುವುದು ದಕ್ಷಿಣ ಅಟ್ಲಾಂಟಿಕ್‌ನ ಗಾಫ್ ದ್ವೀಪದಲ್ಲಿ. ಬ್ರಿಟನ್‌ಗೆ ಸೇರಿದ ಈ ಜ್ವಾಲಾಮುಖಿ ದ್ವೀಪದಲ್ಲಿ ಹವಾಮಾನ ಕೇಂದ್ರದ ಕೆಲವೇ ಸಿಬ್ಬಂದಿ ಬಿಟ್ಟರೆ ಜನರಿಲ್ಲ. ಟ್ರಿಸ್ಟನ್ ಆಲ್ಬಟ್ರಾಸ್ ಎಂಬ ದೊಡ್ಡ ಕಡಲ ಹಕ್ಕಿಗಳು ಬಹುತೇಕ ಎಲ್ಲವೂ ಮರಿ ಮಾಡುವುದು ಇಲ್ಲೇ. 19ನೇ ಶತಮಾನದಲ್ಲಿ ನಾವಿಕರ ಜೊತೆ ಮನೆ ಇಲಿ ಬಂತು. ಶತ್ರುವಿಲ್ಲದ ನೆಲದಲ್ಲಿ ತಲೆಮಾರು ಕಳೆದಂತೆ ಮಾಮೂಲಿ ಇಲಿಗಿಂತ ದಪ್ಪಗಾಯಿತು.

ಚಳಿಗಾಲದಲ್ಲಿ ಬೇರೆ ಆಹಾರ ಸಿಗುವುದಿಲ್ಲ. ಆಗ ಇಲಿಗಳು ರಾತ್ರಿ ಹೊತ್ತು ಗೂಡಿಗೆ ಹತ್ತುತ್ತವೆ. ಗೂಡಿನಲ್ಲಿ ಆಲ್ಬಟ್ರಾಸ್ ಮರಿ ಒಂಟಿಯಾಗಿ ಕೂತಿರುತ್ತದೆ. ಅಪ್ಪ ಅಮ್ಮ ಆಹಾರ ತರಲು ಕಡಲಿಗೆ ಹೋಗಿ ದಿನಗಟ್ಟಲೆ ಆಗಿರುತ್ತದೆ. ಮರಿಯ ತೂಕ ಇಲಿಯ ನೂರಾರು ಪಟ್ಟು. ಒಮ್ಮೆ ಕೊಕ್ಕಿನಿಂದ ಕುಕ್ಕಿದರೆ ಇಲಿಯ ಕಥೆ ಮುಗಿಯುತ್ತದೆ. ಆದರೆ ಮರಿ ಕುಕ್ಕುವುದಿಲ್ಲ, ಎದ್ದು ಹೋಗುವುದೂ ಇಲ್ಲ. ನೆಲದ ಮೇಲಿನ ಶತ್ರು ಅಂದರೇನು ಎಂದು ಆ ವಂಶಕ್ಕೆ ಗೊತ್ತೇ ಇಲ್ಲ. ಇಲಿಗಳು ರಾತ್ರಿ ರಾತ್ರಿ ಬಂದು ಅದರ ಮೈಯಲ್ಲಿ ತೂತು ಕೊರೆದು ಜೀವಂತ ತಿನ್ನುತ್ತವೆ. ಕೆಲವು ದಿನಗಳಲ್ಲಿ ಮರಿ ಸಾಯುತ್ತದೆ. ಗಾಫ್‌ನಲ್ಲಿ ಇಲಿಗಳಿಂದಾಗಿ ವರ್ಷಕ್ಕೆ ಸುಮಾರು 20 ಲಕ್ಷ ಮೊಟ್ಟೆ, ಮರಿಗಳು ನಷ್ಟವಾಗುತ್ತವೆ ಎಂಬುದು 2018ರ ಅಂದಾಜು.

2021ರಲ್ಲಿ ಹೆಲಿಕಾಪ್ಟರ್‌ಗಳಿಂದ ಇಡೀ ದ್ವೀಪಕ್ಕೆ ವಿಷದ ಕಾಳು ಚೆಲ್ಲಿದರು. ಬ್ರಿಟನ್‌ನ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ ವರ್ಷಗಟ್ಟಲೆ ತಯಾರಿ ನಡೆಸಿ ಮಾಡಿದ ಕೆಲಸ ಅದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕ್ಯಾಮೆರಾದಲ್ಲಿ ಒಂದು ಇಲಿ ಕಾಣಿಸಿತು. ಅಲ್ಲಿಗೆ ಎಲ್ಲ ಮುಗಿಯಿತು. ಏಕೆಂದರೆ ಈ ಕೆಲಸದಲ್ಲಿ ಶೇ 99 ಅನ್ನುವುದಕ್ಕೆ ಬೆಲೆಯೇ ಇಲ್ಲ. ಒಂದು ಜೋಡಿ ಉಳಿದರೂ ಕೆಲವೇ ವರ್ಷಗಳಲ್ಲಿ ದ್ವೀಪ ಮತ್ತೆ ತುಂಬುತ್ತದೆ.

ಇದೇ ಕಥೆ ಹಿಂದೂ ಮಹಾಸಾಗರದ ತೀರಾ ದಕ್ಷಿಣದಲ್ಲಿರುವ ಮೇರಿಯನ್ ದ್ವೀಪದಲ್ಲೂ ನಡೆಯುತ್ತಿದೆ. ದಕ್ಷಿಣ ಆಫ್ರಿಕಾಕ್ಕೆ ಸೇರಿದ, ಇನ್ನೂ ಜೀವಂತವಾಗಿರುವ ಜ್ವಾಲಾಮುಖಿ ಅದು. ಅಲೆಮಾರಿ ಆಲ್ಬಟ್ರಾಸ್‌ಗಳಲ್ಲಿ ಸುಮಾರು ಕಾಲುಭಾಗ ಮರಿ ಮಾಡುವುದು ಅಲ್ಲೇ. ಸುಮಾರು ಇನ್ನೂರು ವರ್ಷದ ಹಿಂದೆ ಸೀಲ್ ಬೇಟೆಗಾರರ ಜೊತೆ ಇಲಿ ಬಂತು. 1940ರ ದಶಕದ ಕೊನೆಗೆ ಹವಾಮಾನ ಕೇಂದ್ರ ಕಟ್ಟಿದವರು ಇಲಿ ಹಿಡಿಯಲಿ ಎಂದು ಐದು ಬೆಕ್ಕು ತಂದರು. ಬೆಕ್ಕುಗಳಿಗೆ ಇಲಿಗಿಂತ ಹಕ್ಕಿ ಸುಲಭದ ಊಟವಾಯಿತು. 1970ರ ದಶಕದಲ್ಲಿ ಅವು ವರ್ಷಕ್ಕೆ ಸುಮಾರು 4.5 ಲಕ್ಷ ಹಕ್ಕಿಗಳನ್ನು ಕೊಲ್ಲುತ್ತಿದ್ದವು. ಕೊನೆಯ ಬೆಕ್ಕನ್ನು ತೆಗೆಯುವಷ್ಟರಲ್ಲಿ 1991 ಆಗಿತ್ತು. ಇಲಿಗಳು ಉಳಿದವು. ದ್ವೀಪ ಬೆಚ್ಚಗಾದಂತೆ ಅವುಗಳ ಮರಿ ಹಾಕುವ ಕಾಲವೂ ಉದ್ದವಾಯಿತು. ಹುಳಹುಪ್ಪಟೆ ತಿಂದು ಮುಗಿಸಿ ಹಕ್ಕಿಗಳ ಕಡೆ ತಿರುಗಿದವು. ಮೊದಲು ಮರಿಗಳನ್ನಷ್ಟೇ ತಿನ್ನುತ್ತಿದ್ದವು. 2023ರಲ್ಲಿ ಬೆಳೆದ ಅಲೆಮಾರಿ ಆಲ್ಬಟ್ರಾಸ್‌ಗಳೂ ಇಲಿ ಕಚ್ಚಿ ಸತ್ತದ್ದು ಪತ್ತೆಯಾಯಿತು.

ತೆಗೆಯಲು ಆಗುತ್ತದೆ, ಆದರೆ

ಹಾಗಂತ ಕೈಚೆಲ್ಲಿ ಕೂರುವ ಸ್ಥಿತಿ ಇಲ್ಲ. ನ್ಯೂಜಿಲೆಂಡ್‌ನ ದಕ್ಷಿಣದಲ್ಲಿರುವ ಕ್ಯಾಂಪ್‌ಬೆಲ್ ಹಳೆಯ ಜ್ವಾಲಾಮುಖಿ ದ್ವೀಪ. ಹನ್ನೊಂದು ಸಾವಿರ ಹೆಕ್ಟೇರ್ ಇದೆ. 2001ರಲ್ಲಿ ಅಲ್ಲಿನ ಹೆಗ್ಗಣಗಳನ್ನು ಪೂರ್ತಿ ತೆಗೆದರು. ಪಕ್ಕದ ಪುಟ್ಟ ಬಂಡೆಯೊಂದರ ಮೇಲೆ ಹೇಗೋ ಬದುಕುಳಿದಿದ್ದ, ಹಾರಲಾರದ ಬಾತನ್ನು ಮರಳಿ ತಂದು ಬಿಟ್ಟರು. ಇನ್ನೊಂದು ಬಂಡೆಯ ಮೇಲೆ ಉಳಿದಿದ್ದ ಸ್ನೈಪ್ ಹಕ್ಕಿ ಯಾರ ಸಹಾಯವೂ ಇಲ್ಲದೆ ತಾನೇ ವಾಪಸ್ ಬಂತು. ಅದೇ ದೇಶದ ಆಂಟಿಪೋಡ್ಸ್ ದ್ವೀಪದಲ್ಲಿ 2016ರಲ್ಲಿ ವಿಷ ಚೆಲ್ಲಿದರು. ಎರಡು ವರ್ಷ ಕಾದು ನೋಡಿ, 2018ರಲ್ಲಿ ಇಲಿ ಇಲ್ಲ ಎಂದು ಘೋಷಿಸಿದರು.

ಗಲಾಪಗೋಸ್‌ನಲ್ಲಿ ಆಡುಗಳದ್ದೇ ದೊಡ್ಡ ಅಧ್ಯಾಯ. ಪಿಂಟಾ ದ್ವೀಪದಲ್ಲಿ 1959ರಲ್ಲಿ ಮೀನುಗಾರರು ಬಿಟ್ಟ ಮೂರು ಆಡುಗಳು ಸುಮಾರು ಹದಿನೈದು ವರ್ಷಗಳಲ್ಲಿ ಹತ್ತಾರು ಸಾವಿರವಾದವು. ಅಲ್ಲಿನ ದೈತ್ಯ ಆಮೆಗಳನ್ನು ತಿಮಿಂಗಿಲ ಬೇಟೆಯ ಹಡಗಿನವರು ಮಾಂಸಕ್ಕೆಂದು ಮೊದಲೇ ಹೊತ್ತೊಯ್ದಿದ್ದರು. ಉಳಿದ ಹಸಿರನ್ನು ಆಡುಗಳು ಬೋಳಿಸಿದವು. ಪಿಂಟಾದ ಆಮೆ ವಂಶದ ಕೊನೆಯ ಗಂಡು ಜಾರ್ಜ್ 2012ರ ಜೂನ್‌ನಲ್ಲಿ ಸತ್ತಿತು. 1997ರಿಂದ 2006ರವರೆಗೆ ಇಸಬೆಲಾದ ಉತ್ತರ ಭಾಗ ಮತ್ತು ಸಾಂಟಿಯಾಗೊದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆಡುಗಳನ್ನು ಕೊಂದರು. ಕೊನೆಗೆ ಅಡಗಿದವನ್ನು ಹುಡುಕಲು ಕೆಲವು ಆಡುಗಳ ಕೊರಳಿಗೆ ರೇಡಿಯೊ ಕಟ್ಟಿ ಬಿಟ್ಟರು. ಆಡು ಒಂಟಿಯಾಗಿರಲಾರದು, ಜೊತೆ ಹುಡುಕಿಕೊಂಡೇ ಹೋಗುತ್ತದೆ. ಅದರ ಹಿಂದೆ ಬಂದೂಕು.

ಇದನ್ನು ಬರೆಯುವುದಕ್ಕೂ ಸಂಕಟವಾಗುತ್ತದೆ. ಆಡು ಮಾಡಿದ ತಪ್ಪೇನು? ಅದನ್ನು ಅಲ್ಲಿಗೆ ತಂದವರು ಯಾರೋ. ಆದರೆ ಕೊಲ್ಲದೆ ಬಿಟ್ಟಿದ್ದರೆ ಆಮೆಗಳು ಹಸಿದು ಸಾಯುತ್ತಿದ್ದವು, ಅದೂ ಬೇರೆಲ್ಲೂ ಇಲ್ಲದ ಆಮೆಗಳು. ಎರಡರಲ್ಲಿ ಒಂದನ್ನು ಆರಿಸುವ ಈ ಪರಿಸ್ಥಿತಿ ಬಾರದ ಹಾಗೆ ನೋಡಿಕೊಳ್ಳಲು ಇರುವ ದಾರಿ ಬಾಗಿಲಲ್ಲೇ ತಡೆಯುವುದು. ಬೀಜ ಸಿಕ್ಕಿಕೊಳ್ಳುವ ಕಾಲುಚೀಲ, ಜೇಬಿನ ಮೂಲೆ, ಬೂಟಿನ ಅಡಿ, ಸಾಮಾನಿನ ಪೆಟ್ಟಿಗೆ, ಹಡಗಿನ ತಳ, ಇವನ್ನೆಲ್ಲ ಹೊರಡುವ ಮೊದಲೇ ತಪಾಸಣೆ ಮಾಡುವ ಬೇಸರದ ಕೆಲಸ ಅದು. ಇದಕ್ಕೆ ಸುದ್ದಿಯಲ್ಲಿ ಜಾಗ ಸಿಗುವುದಿಲ್ಲ, ಹಣವೂ ಸುಲಭಕ್ಕೆ ಸಿಗುವುದಿಲ್ಲ. ಕೆಲಸ ಚೆನ್ನಾಗಿ ನಡೆದರೆ ಏನೂ ಆಗುವುದಿಲ್ಲ, ಏನೂ ಆಗದೇ ಇದ್ದದ್ದನ್ನು ತೋರಿಸಿ ಹಣ ಕೇಳುವುದು ಹೇಗೆ?

ದಕ್ಷಿಣ ಅಟ್ಲಾಂಟಿಕ್‌ನ ಟ್ರಿಸ್ಟನ್ ಡ ಕುನ್ಯಾ ದ್ವೀಪಸಮೂಹದ ಇನ್‌ಆ್ಯಕ್ಸೆಸಿಬಲ್ ದ್ವೀಪ ನೋಡಿ. ಹಾರಲಾರದ ಹಕ್ಕಿಗಳಲ್ಲಿ ಜಗತ್ತಿನಲ್ಲೇ ಚಿಕ್ಕದು ಬದುಕಿರುವುದು ಅಲ್ಲಿ. ಹುಂಡುಕೋಳಿಯ ಬಳಗದ ಈ ಕಂದು ಹಕ್ಕಿಯ ತೂಕ ನಲವತ್ತು ಗ್ರಾಂ ಆಸುಪಾಸು. ಹುಲ್ಲಿನ ಬುಡದಲ್ಲಿ ಸುರಂಗದಂತಹ ದಾರಿ ಮಾಡಿಕೊಂಡು ಓಡಾಡುತ್ತದೆ. ಆ ದ್ವೀಪಕ್ಕೆ ಇಲಿ, ಹೆಗ್ಗಣ ಇನ್ನೂ ತಲುಪಿಲ್ಲ. ಒಂದು ಹಡಗು ಅಲ್ಲಿ ಬಂಡೆಗೆ ಬಡಿದು, ಅದರಿಂದ ಒಂದು ಗಬ್ಬದ ಹೆಗ್ಗಣ ಈಜಿ ದಡ ಸೇರಿದರೆ ಸಾಕು. ಇದು ಬರೀ ಕಲ್ಪನೆ ಅಲ್ಲ. 2011ರಲ್ಲಿ ಒಲಿವಾ ಎಂಬ ಸರಕು ಹಡಗು ಪಕ್ಕದ ನೈಟಿಂಗೇಲ್ ದ್ವೀಪಕ್ಕೆ ಬಡಿದು ಒಡೆಯಿತು. ಸಾವಿರಾರು ಪೆಂಗ್ವಿನ್‌ಗಳ ಮೈಗೆ ಎಣ್ಣೆ ಮೆತ್ತಿತು. ಟ್ರಿಸ್ಟನ್ನಿನ ಜನ ಹಗಲೂ ರಾತ್ರಿ ಅವನ್ನು ತೊಳೆದರು. ಅದೃಷ್ಟಕ್ಕೆ ಹೆಗ್ಗಣ ಇಳಿಯಲಿಲ್ಲ.

ನೋಡಲು ಹೋಗಬೇಕೋ ಬೇಡವೋ

ಪ್ರವಾಸಿಗರನ್ನೆಲ್ಲ ನಿಲ್ಲಿಸಿಬಿಡಿ ಅನ್ನುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ. ಗಲಾಪಗೋಸ್‌ನಲ್ಲಿ ಸುಮಾರು 30 ಸಾವಿರ ಜನ ವಾಸವಿದ್ದಾರೆ. ಅವರ ಬದುಕು ನಡೆಯುವುದೇ ಪ್ರವಾಸದಿಂದ. ಆಮೆ ಬದುಕಿದರೆ ತಾವೂ ಬದುಕುತ್ತೇವೆ ಅನ್ನುವ ಸ್ಥಿತಿ ಇದ್ದುದರಿಂದಲೇ ಅಲ್ಲಿ ಅಷ್ಟಾದರೂ ಉಳಿದಿದೆ. ನೆಲದ ಶೇ 97ರಷ್ಟು ರಾಷ್ಟ್ರೀಯ ಉದ್ಯಾನ. ಉದ್ಯಾನದ ತಾಣಗಳಿಗೆ ಹೋಗುವವರ ಜೊತೆ ಪರವಾನಗಿ ಇರುವ ಮಾರ್ಗದರ್ಶಿ ಇರುತ್ತಾರೆ, ಪ್ರಾಣಿಗಳಿಂದ ಎರಡು ಮೀಟರ್ ದೂರ ನಿಲ್ಲಬೇಕು. ಈ ನಿಯಮಗಳು ಚೆನ್ನಾಗಿವೆ.

ಸಮಸ್ಯೆ ಇರುವುದು ಸಂಖ್ಯೆಯಲ್ಲಿ. 2023ರಲ್ಲಿ ಬಂದವರು 3 ಲಕ್ಷ ದಾಟಿದರು. 2024ರ ಆಗಸ್ಟ್ 1ರಿಂದ ವಿದೇಶಿ ಪ್ರವಾಸಿಗರ ಪ್ರವೇಶ ಶುಲ್ಕ 100 ಡಾಲರ್‌ನಿಂದ 200 ಡಾಲರ್‌ಗೆ ಏರಿತು. 1998ರ ನಂತರ ಮೊದಲ ಏರಿಕೆ ಅದು. ಏರಿಸಿದ್ದು ಸರಿ. ಆದರೆ ಅಷ್ಟು ದೂರ ಹೋಗಲು ಸಾವಿರಾರು ಡಾಲರ್ ಖರ್ಚು ಮಾಡುವವರಿಗೆ ಇನ್ನೊಂದು ನೂರು ಯಾವ ಲೆಕ್ಕ? ಜನ ಹೆಚ್ಚಿದರೆ ವಿಮಾನ ಹೆಚ್ಚುತ್ತದೆ, ಸರಕು ಹಡಗು ಹೆಚ್ಚುತ್ತದೆ, ತರಕಾರಿ ಬುಟ್ಟಿ ಹೆಚ್ಚುತ್ತದೆ. ಹೊರಗಿನ ಜೀವಿಗಳು ಬರುವುದು ಹೆಚ್ಚಾಗಿ ಹೀಗೆ. ಇಲ್ಲಿಯವರೆಗೆ 1,500ಕ್ಕೂ ಹೆಚ್ಚು ಹೊರಗಿನ ಪ್ರಭೇದಗಳು ಗಲಾಪಗೋಸ್ ಸೇರಿವೆ. ಅದರಲ್ಲಿ ಒಂದು ನೊಣ, 1997ರಲ್ಲಿ ಹಕ್ಕಿಗೂಡುಗಳಲ್ಲಿ ಪತ್ತೆಯಾಯಿತು. ಅದರ ಹುಳುಗಳು ಫಿಂಚ್ ಎಂಬ ಪುಟ್ಟ ಹಕ್ಕಿಗಳ ಮರಿಗಳ ರಕ್ತ ಹೀರುತ್ತವೆ, ಮೂಗಿನ ಹೊಳ್ಳೆಯೊಳಗೂ ಹೋಗುತ್ತವೆ. ಮ್ಯಾಂಗ್ರೋವ್ ಫಿಂಚ್ ಈಗ ಉಳಿದಿರುವುದು ಸುಮಾರು ನೂರು ಮಾತ್ರ. ಹಾಗಾಗಿ ಶುಲ್ಕದ ಜೊತೆ ವರ್ಷಕ್ಕೆ ಇಷ್ಟೇ ಜನ ಅನ್ನುವ ಮಿತಿ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಕೆಲವು ದ್ವೀಪಗಳಿಗೆ ಯಾರೂ ಹೋಗದಿರುವುದೇ ಒಳ್ಳೆಯದು. ಅಂಡಮಾನ್ ಸಮುದ್ರದ ನಾರ್ಕೊಂಡಂ ಅಂತಹದು. ಏಳು ಚದರ ಕಿಲೋಮೀಟರ್ ಕೂಡ ಇಲ್ಲದ, ಆರಿದ ಜ್ವಾಲಾಮುಖಿ. ನಾರ್ಕೊಂಡಂ ಮಂಗಟ್ಟೆ ಇರುವುದು ಇಡೀ ಪ್ರಪಂಚದಲ್ಲಿ ಅಲ್ಲಿ ಮಾತ್ರ, ಸುಮಾರು ಸಾವಿರ ಹಕ್ಕಿ. ಗಂಡಿನ ತಲೆ, ಕುತ್ತಿಗೆ ಕೆಂಗಂದು. ಹೆಣ್ಣು ಪೂರ್ತಿ ಕಪ್ಪು. ಕಾಡಿನ ಅತ್ತಿ, ಆಲದ ಬಳಗದ ಹಣ್ಣು ತಿಂದು ಬೀಜ ಹರಡುವುದು ಇವೇ. ಅಲ್ಲೂ 1970ರ ದಶಕದಲ್ಲಿ ಪೊಲೀಸ್ ಠಾಣೆಯ ಜೊತೆ ಆಡುಗಳು ಬಂದಿದ್ದವು. ಸಸಿಗಳನ್ನೆಲ್ಲ ತಿನ್ನತೊಡಗಿದಾಗ ಅವನ್ನು ತೆಗೆಯಬೇಕಾಯಿತು. ಕರಾವಳಿ ಪಡೆಯ ರೇಡಾರ್ ಯೋಜನೆಗೆ 2012ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಈ ಹಕ್ಕಿಯ ಕಾರಣಕ್ಕೇ ಒಪ್ಪಿಗೆ ಕೊಡಲಿಲ್ಲ. 2014ರಲ್ಲಿ ನಿಲುವು ಬದಲಾಯಿತು. ದೇಶದ ಭದ್ರತೆ ಮುಖ್ಯ, ಅನುಮಾನವಿಲ್ಲ. ಆದರೆ ಅಷ್ಟು ಚಿಕ್ಕ ಕಾಡಿನಲ್ಲಿ ರಸ್ತೆ, ಜನರೇಟರ್, ಸಾಮಾನು ಸಾಗಿಸುವ ದೋಣಿ ಅಂತ ಒಂದೊಂದೇ ಸೇರಿಕೊಂಡರೆ ಹಕ್ಕಿಗೆ ಹೋಗಲು ಬೇರೆ ಜಾಗವಿಲ್ಲ.

ತಡೆಯಲಾಗದ್ದು ಬಂದಾಗ

ಈಗ ಇದಕ್ಕೆಲ್ಲ ಒಂದು ಹೊಸ ಅವಸರ ಬಂದಿದೆ. ಎಚ್5ಎನ್1 ಹಕ್ಕಿಜ್ವರ 2023ರ ಸೆಪ್ಟೆಂಬರ್‌ನಲ್ಲಿ ಗಲಾಪಗೋಸ್ ತಲುಪಿತು. 2024ರಲ್ಲಿ ಹಿಂದೂ ಮಹಾಸಾಗರದ ದಕ್ಷಿಣದ ಕ್ರೋಜೆ, ಕೆರ್ಗೆಲೆನ್, ಮೇರಿಯನ್ ದ್ವೀಪಗಳಿಗೆ ಬಂತು. 2025ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಸೇರಿದ ಹರ್ಡ್ ದ್ವೀಪದ ಆನೆ ಸೀಲ್‌ಗಳಲ್ಲೂ ದೃಢಪಟ್ಟಿತು. ಹರ್ಡ್ ಅಂದರೆ ಹಿಮ ಹೊದ್ದ, ಆಗಾಗ ಲಾವಾ ಉಗುಳುವ 2,745 ಮೀಟರ್‌ನ ಶಿಖರ. ಮನುಷ್ಯ ತಂದ ಇಲಿ, ಬೆಕ್ಕು ಏನೂ ಅಲ್ಲಿ ಇಲ್ಲ. ಅಷ್ಟು ಚೊಕ್ಕಟವಾಗಿ ಉಳಿದ ಜಾಗಕ್ಕೂ ರೋಗ ಬಂತು. ಕಡಲ ಹಕ್ಕಿಗಳು ಸಾವಿರಾರು ಕಿಲೋಮೀಟರ್ ಹಾರುತ್ತವೆ. ವೈರಸ್ ಅವುಗಳ ಜೊತೆ ಹಾರುತ್ತದೆ. ಯಾವ ತಪಾಸಣೆಯೂ ಅದನ್ನು ನಿಲ್ಲಿಸಲಾರದು.

ಹಾಗಿದ್ದರೆ ಇಲಿ ಹಿಡಿದು ಏನು ಪ್ರಯೋಜನ ಎಂದು ಕೆಲವರು ಕೇಳುತ್ತಾರೆ. ನನಗೆ ಇದು ತಿರುಗುಮುರುಗಾಗಿ ಕಾಣುತ್ತದೆ. ಜ್ವರ, ಬಿಸಿಯೇರುವ ಕಡಲು, ಎಲ್ ನಿನೊ ನಮ್ಮ ಕೈಗೆ ಕೂಡಲೇ ಸಿಗುವಂಥವಲ್ಲ. ಇಲಿ ಕೈಗೆ ಸಿಗುತ್ತದೆ. ಪ್ರತಿ ವರ್ಷ ಮರಿಗಳನ್ನು ಇಲಿಗೆ ಕಳೆದುಕೊಳ್ಳುತ್ತಿರುವ ಹಕ್ಕಿಗಳಿಗೆ ಒಂದು ಕೆಟ್ಟ ಜ್ವರದ ವರ್ಷವನ್ನು ತಾಳಿಕೊಳ್ಳುವ ಶಕ್ತಿ ಎಲ್ಲಿರುತ್ತದೆ?

ಮೇರಿಯನ್‌ನಲ್ಲಿ ಇಲಿ ತೆಗೆಯುವ ಯೋಜನೆ ಸಿದ್ಧವಿದೆ. ಚಳಿಗಾಲದಲ್ಲಿ, ಇಲಿಗಳು ಹಸಿದಿರುವಾಗ, ಹೆಲಿಕಾಪ್ಟರ್‌ಗಳು ಸುಮಾರು 30 ಸಾವಿರ ಹೆಕ್ಟೇರ್‌ನ ಒಂದು ಅಡಿಯನ್ನೂ ಬಿಡದೆ ವಿಷದ ಕಾಳು ಚೆಲ್ಲಬೇಕು. ಇಷ್ಟು ದೊಡ್ಡ ದ್ವೀಪದಲ್ಲಿ ಮನೆ ಇಲಿಯನ್ನು ಪೂರ್ತಿ ತೆಗೆದ ಉದಾಹರಣೆ ಇಲ್ಲ. ಗಾಫ್‌ನ ಸೋಲು ಎಲ್ಲರಿಗೂ ನೆನಪಿದೆ. ಬೇಕಿರುವುದು ಎರಡೂವರೆ ಕೋಟಿ ಡಾಲರ್‌ಗೂ ಜಾಸ್ತಿ, ಅದರಲ್ಲಿ ದೊಡ್ಡ ಪಾಲನ್ನು ದೇಣಿಗೆಯಿಂದ ಕೂಡಿಸಬೇಕು. ಗಲಾಪಗೋಸ್‌ಗೆ ಪ್ರವಾಸಿಗರ ಶುಲ್ಕ ಇದೆ. ಯಾರೂ ಹೋಗದ ದ್ವೀಪಕ್ಕೆ ಯಾವ ಆದಾಯವೂ ಇಲ್ಲ, ಅದರ ಪರವಾಗಿ ಗಲಾಟೆ ಮಾಡುವ ಊರಿನವರೂ ಇಲ್ಲ. ಅಲೆಮಾರಿ ಆಲ್ಬಟ್ರಾಸ್ ಜೋಡಿ ಎರಡು ವರ್ಷಕ್ಕೊಮ್ಮೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಹಣ ಕೂಡಿಸುವುದು ಎರಡು ವರ್ಷ ತಡವಾದರೆ, ಇಲಿಗಳು ಹೊಕ್ಕ ಪ್ರತಿ ಗೂಡಿಗೂ ಆ ಒಂದು ಮರಿಯೇ ನಷ್ಟ.